ಹಣ ನೂರಕ್ಕೆ ಕೊಟ್ಟೆವು, ವೇಗ ಎಲ್ಲಿ ಹೋಯಿತು?

ರಾತ್ರಿ ಎಂಟೂವರೆ. ಅಡುಗೆ ಕೆಲಸ ಮುಗಿಸಿ, ಸೌದಿಯಲ್ಲಿರುವ ಮಗನೊಡನೆ ನಾಲ್ಕು ಮಾತಾಡೋಣವೆಂದು ವೀಡಿಯೊ ಕರೆ ಮಾಡುತ್ತೀರಿ. ಎರಡು ನಿಮಿಷವಾಗುವಷ್ಟರಲ್ಲಿ ಅವನ ಮುಖ ಪರದೆಯ ಮೇಲೆ ನಿಂತುಬಿಡುತ್ತದೆ, ಮಾತು ತುಂಡು ತುಂಡಾಗುತ್ತದೆ. "ನೂರು ಎಂಬಿಪಿಎಸ್ ಎಂದು ತಿಂಗಳು ತಿಂಗಳು ಹಣ ತೆಗೆದುಕೊಳ್ಳುತ್ತಾರಲ್ಲ, ಆ ವೇಗವೆಲ್ಲಿ?" ಎಂಬ ಪ್ರಶ್ನೆ ನಿಮ್ಮನ್ನೂ ಕಾಡಿರಬಹುದು.

ಮೊದಲು ಜಾಹೀರಾತನ್ನೇ ಸರಿಯಾಗಿ ಓದೋಣ. ದೊಡ್ಡ ಅಕ್ಷರದ 100ರ ಪಕ್ಕದಲ್ಲಿ 'ವರೆಗೆ' ಎಂಬ ಸಣ್ಣ ಪದವೊಂದು ಇರುತ್ತದೆ. ಅಂದರೆ ಅದು ಗರಿಷ್ಠ ಮಿತಿಯೇ ಹೊರತು ಸದಾ ಸಿಗುವ ವೇಗವಲ್ಲ. ಸರಕಾರದ 2023ರ ವ್ಯಾಖ್ಯೆಯಂತೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ವೇಗವಿದ್ದರೆ ಸಾಕು.

ಅಳತೆಯ ಗೊಂದಲವೂ ಇದೆ. ಕಂಪೆನಿಗಳು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತವೆ. ನಾವು ಇಳಿಸಿಕೊಳ್ಳುವ ಫೈಲಿನ ಗಾತ್ರ ಇರುವುದು ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಮಾತ್ರ ಬಂದೀತು. ಇದು ಮೋಸವಲ್ಲ, ಲೆಕ್ಕದ ವ್ಯತ್ಯಾಸ.

ಇನ್ನು, ನಿಮ್ಮ ಮನೆಗೆ ಬರುವ ಸಂಪರ್ಕವನ್ನು ನೆರೆಹೊರೆಯವರೂ ಹಂಚಿಕೊಂಡಿರುತ್ತಾರೆ. ರಾತ್ರಿ ಎಲ್ಲರೂ ಒಮ್ಮೆಲೇ ಬಳಸತೊಡಗಿದಾಗ, ಓವರ್‌ಹೆಡ್ ಟ್ಯಾಂಕಿನ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತೆರೆದಂತಾಗುತ್ತದೆ. ಹಲವು ಯೋಜನೆಗಳಲ್ಲಿ ತಿಂಗಳ ಡೇಟಾ ಮಿತಿ ದಾಟಿದ ಮೇಲೆ ಕಂಪೆನಿಯೇ ವೇಗ ತಗ್ಗಿಸುತ್ತದೆ. 'ಅನ್‌ಲಿಮಿಟೆಡ್' ಎಂದಿದ್ದರೂ ಈ ಷರತ್ತನ್ನು ಕೇಳಿ ತಿಳಿದುಕೊಳ್ಳಿ.

ಆದರೆ ಎಷ್ಟೋ ಸಲ ತಪ್ಪು ಇರುವುದು ನಮ್ಮ ಮನೆಯೊಳಗೇ! ರೂಟರನ್ನು ಟಿವಿಯ ಹಿಂದೆಯೋ ಕಬ್ಬಿಣದ ಕಪಾಟಿನ ಪಕ್ಕದಲ್ಲೋ ಇಟ್ಟಿರುತ್ತೇವೆ. ದಪ್ಪ ಗೋಡೆ, ಕಾಂಕ್ರೀಟ್ ಚಾವಣಿಗಳನ್ನು ದಾಟುವಾಗ ವೈಫೈ ಕ್ಷೀಣಿಸುತ್ತದೆ. ಅದನ್ನು ಮನೆಯ ನಡುವೆ, ಎತ್ತರದ ಬಯಲು ಜಾಗದಲ್ಲಿಡಿ. ಬಹಳಷ್ಟು ರೂಟರ್‌ಗಳಲ್ಲಿ ಎರಡು ಬಗೆಯ ವೈಫೈ ಇರುತ್ತದೆ. 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತದೆ, ಆದರೆ ನಿಧಾನ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದಕ್ಕೆ ಅಡ್ಡಿ ಮಾಡುತ್ತದೆ. 5 ಗಿಗಾಹರ್ಟ್ಸ್‌ನದು ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಹಿಂದೆ. ರೂಟರ್ ಇರುವ ಕೋಣೆಯಲ್ಲೇ ಕುಳಿತು ಮಾತಾಡುವುದಾದರೆ ಎರಡನೆಯದನ್ನೇ ಆರಿಸಿ.

ತಪ್ಪು ಯಾರದೆಂದು ತಿಳಿಯಲು ಸುಲಭ ಉಪಾಯವಿದೆ. ಉಳಿದ ಫೋನ್‌ಗಳ ವೈಫೈ ಆರಿಸಿ, ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ವೇಗ ಪರೀಕ್ಷಿಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಕೆಲವು ದಿನ ಹೀಗೆ ಮಾಡಿ ಬರೆದಿಡಿ. ಕೇಬಲಿನಲ್ಲಿ ವೇಗ ಸರಿಯಿದ್ದು ಫೋನಿನಲ್ಲಿ ಕಡಿಮೆಯಿದ್ದರೆ ರೂಟರಿನ ಜಾಗ ಬದಲಿಸಿ. ಕೇಬಲಿನಲ್ಲೂ ಕಡಿಮೆಯಿದ್ದರೆ ಕೇಬಲ್, ರೂಟರ್ ಹಳೆಯದಲ್ಲವೆಂದು ಖಚಿತಪಡಿಸಿಕೊಂಡು ಕಂಪೆನಿಗೆ ದೂರು ಕೊಡಿ. ದೂರಿನ ಸಂಖ್ಯೆ ಪಡೆಯಲು ಮರೆಯದಿರಿ. ಪರಿಹಾರ ಸಿಗದಿದ್ದರೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ದೂರವಾಣಿ ಕಂಪೆನಿಗಳ ವಿರುದ್ಧವೂ ಗ್ರಾಹಕರ ಆಯೋಗಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ನೀಡಿದೆ.

ಇಷ್ಟನ್ನು ನೋಡದೆ ಇನ್ನೂ ದುಬಾರಿ ಯೋಜನೆಗೆ ಹಣ ಸುರಿಯಬೇಡಿ. "ನೀನು ಸದಾ ಫೋನ್ ಹಿಡಿದಿರುವುದರಿಂದಲೇ ಹೀಗೆ" ಎಂದು ಆನ್‌ಲೈನ್ ಪಾಠ ಕೇಳುತ್ತಿರುವ ಮಗಳನ್ನು ಗದರುವ ಮೊದಲೂ ಒಮ್ಮೆ ಯೋಚಿಸಿ. ತಪ್ಪು ಅವಳದ್ದಲ್ಲದೆ, ಟಿವಿಯ ಹಿಂದೆ ಅವಿತಿರುವ ಆ ಪುಟ್ಟ ಪೆಟ್ಟಿಗೆಯದ್ದಿರಬಹುದು.