ವೆಬ್‌ಸ್ಟರ್ ಎಂಬ ಮನೆತನದ ಹೆಸರು

ವೆಬ್‌ಸ್ಟರ್ ಎಂದೊಡನೆ ನಮಗೆ ನೆನಪಾಗುವುದು ನಿಘಂಟು. ಆದರೆ ಮನೆತನದ ಹೆಸರಾಗುವ ಮೊದಲು ಆ ಪದವು ಒಂದು ಕಸುಬನ್ನು ಸೂಚಿಸುತ್ತಿತ್ತು. ಪ್ರಾಚೀನ ಇಂಗ್ಲಿಷಿನಲ್ಲಿ ‘ವೆಬ್ಬೆಸ್ಟ್ರೆ’ ಎಂದರೆ ಬಟ್ಟೆ ನೇಯುವ ಹೆಂಗಸು. ನಮ್ಮ ಸೂಲಗಿತ್ತಿ, ಹೂವಾಡಗಿತ್ತಿ ಎಂಬಲ್ಲಿ ‘ಗಿತ್ತಿ’ ಮಾಡುವ ಕೆಲಸವನ್ನು ಅಲ್ಲಿ ಕೊನೆಯ ಪ್ರತ್ಯಯ ಮಾಡುತ್ತಿತ್ತು. ರೊಟ್ಟಿ ಸುಡುವವಳಿಂದ ಬಂದ ಬ್ಯಾಕ್‌ಸ್ಟರ್, ಬಿಯರ್ ತಯಾರಿಸುವವಳಿಂದ ಬಂದ ಬ್ರೂಸ್ಟರ್ ಇದರ ಒಡಹುಟ್ಟುಗಳು.

ಕಾಲಕ್ರಮದಲ್ಲಿ ಪ್ರತ್ಯಯದ ಲಿಂಗಭೇದ ಅಳಿದು, ಅದು ಗಂಡಸರಿಗೂ ಸಂದಿತು. ಮಧ್ಯಯುಗದಲ್ಲಿ ಕಸುಬಿನ ಹೆಸರುಗಳು ಮನೆತನದ ಹೆಸರುಗಳಾಗಿ ನೆಲೆಗೊಂಡಾಗ, ನೇಯುವವಳ ಹೆಸರು ತಂದೆಯಿಂದ ಮಗನಿಗೆ ಇಳಿಯತೊಡಗಿತು. ನೂಲುವವಳನ್ನು ಹೇಳುತ್ತಿದ್ದ ‘ಸ್ಪಿನ್‌ಸ್ಟರ್’ ಹೆಣ್ಣಿಗೇ ಉಳಿಯಿತು, ನಿಜ; ಆದರೆ ನೂಲುವ ಕೆಲಸ ಮರೆಯಾಗಿ, ಮದುವೆಯಾಗದವಳೆಂಬ ಅರ್ಥವಷ್ಟೇ ಅದರಲ್ಲಿ ನಿಂತಿತು.

ಲಂಡನ್ನಿನ ಗಾಡಿ ತಯಾರಕನ ಮಗ ಜಾನ್ ವೆಬ್‌ಸ್ಟರ್, 1623ರಲ್ಲಿ ಅಚ್ಚಾದ ‘ದಿ ಡಚೆಸ್ ಆಫ್ ಮಾಲ್ಫಿ’ ನಾಟಕದಲ್ಲಿ, ತನ್ನಿಚ್ಛೆಯಂತೆ ಮರುಮದುವೆಯಾಗಿ ಸೋದರರ ಕ್ರೌರ್ಯಕ್ಕೆ ಬಲಿಯಾದ ವಿಧವೆಯನ್ನು ಚಿತ್ರಿಸಿದನು. ಅಮೆರಿಕದ ನೋವಾ ವೆಬ್‌ಸ್ಟರ್ 1828ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಹೊರತಂದನು. ನಾಟಕಕಾರನನ್ನೂ ನಿಘಂಟುಕಾರನನ್ನೂ ಲೋಕವು ಬಲ್ಲದು. ಮಗ್ಗದ ಮುಂದೆ ಕುಳಿತು ಆ ಹೆಸರನ್ನು ದುಡಿದು ಗಳಿಸಿದ ಹೆಂಗಸರು ಮಾತ್ರ ಅನಾಮಿಕರಾಗಿಯೇ ಉಳಿದರು.