ಫಿಟ್ಸ್ ಮಾತ್ರೆ ಮತ್ತು ಹೊಟ್ಟೆಯೊಳಗಿನ ಮಗು

ಫಿಟ್ಸ್ ಇರುವ ಹೆಣ್ಣುಮಗಳ ಮದುವೆಯ ಮಾತುಕತೆಯಲ್ಲಿ ಆ ಕಾಯಿಲೆಯ ಹೆಸರನ್ನು ಹೆಚ್ಚಾಗಿ ಯಾರೂ ಎತ್ತುವುದಿಲ್ಲ. ಗಂಡನ ಮನೆಗೆ ಹೋದ ಮೇಲೆ ಅವಳು ಮಾತ್ರೆಯನ್ನು ಬಟ್ಟೆಗಳ ನಡುವೆ ಬಚ್ಚಿಟ್ಟು ನುಂಗಬೇಕು, ಇಲ್ಲವೇ ನುಂಗುವುದನ್ನೇ ಬಿಡಬೇಕು. ಬಸುರಿಯಾದಳೆಂದರೆ, "ಮಾತ್ರೆ ನಿಲ್ಲಿಸು, ಮಗುವಿಗೆ ಆಗದು" ಎನ್ನುವವರು ಮನೆಯಲ್ಲೇ ಇರುತ್ತಾರೆ. ಈ ಮಾತಿನಲ್ಲಿ ಸತ್ಯವೆಷ್ಟು, ಭಯವೆಷ್ಟು?

ಈ ಪ್ರಶ್ನೆಯ ಬೆನ್ನು ಹತ್ತಿ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದವರು ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ನರರೋಗ ತಜ್ಞ ಡಾ. ಕಿಮ್‌ಫೋರ್ಡ್ ಮೀಡರ್. ಅವರ ತಂಡವು 1999ರಿಂದ 2004ರ ವರೆಗೆ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಮೂರ್ಛೆರೋಗವಿದ್ದ ಗರ್ಭಿಣಿಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್, ಫಿನೈಟೋಯಿನ್, ವಾಲ್ಪ್ರೊಯೇಟ್ ಎಂಬ ನಾಲ್ಕು ಔಷಧಗಳಲ್ಲಿ ಒಂದನ್ನು ಮಾತ್ರ ಸೇವಿಸುತ್ತಿದ್ದವರು ಇವರು. ಹುಟ್ಟಿದ ಮಕ್ಕಳನ್ನು ಆರು ವರ್ಷ ತುಂಬುವ ತನಕ ಪರೀಕ್ಷಿಸುತ್ತಾ ಬಂದರು. ಒಂದು ಪ್ರಶ್ನೆಯ ಉತ್ತರಕ್ಕಾಗಿ ಮಗು ಶಾಲೆಗೆ ಹೋಗುವಷ್ಟು ದೊಡ್ಡದಾಗುವ ವರೆಗೆ ಕಾಯುವ ತಾಳ್ಮೆ ಸಣ್ಣದಲ್ಲ.

ಮೊದಲ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ವಾಲ್ಪ್ರೊಯೇಟ್ ಸೇವಿಸಿದ ತಾಯಂದಿರಲ್ಲಿ ನೂರಕ್ಕೆ ಸುಮಾರು 20 ಮಂದಿಯ ಮಗು ಗರ್ಭದಲ್ಲೇ ತೀರಿಕೊಂಡಿತ್ತು ಅಥವಾ ದೊಡ್ಡ ಅಂಗವೈಕಲ್ಯದೊಂದಿಗೆ ಹುಟ್ಟಿತ್ತು. ಲ್ಯಾಮೊಟ್ರಿಜಿನ್ ಸೇವಿಸಿದವರಲ್ಲಿ ಈ ಪ್ರಮಾಣ ನೂರಕ್ಕೆ ಒಂದು. 2009ರಲ್ಲಿ ಮೂರು ವರ್ಷದ ಮಕ್ಕಳ ಬುದ್ಧಿಮತ್ತೆಯ ಲೆಕ್ಕ ಬಂತು. ವಾಲ್ಪ್ರೊಯೇಟ್ ತಾಯಂದಿರ ಮಕ್ಕಳ ಐಕ್ಯೂ, ಲ್ಯಾಮೊಟ್ರಿಜಿನ್ ತಾಯಂದಿರ ಮಕ್ಕಳಿಗಿಂತ ಸರಾಸರಿ 9 ಅಂಕ ಕಡಿಮೆಯಿತ್ತು. ಮಾತ್ರೆಯ ಪ್ರಮಾಣ ಹೆಚ್ಚಿದಂತೆ ಹಾನಿಯೂ ಹೆಚ್ಚು. ಮಕ್ಕಳಿಗೆ ಆರು ವರ್ಷವಾದಾಗಲೂ ಈ ಅಂತರ ಅಳಿಯಲಿಲ್ಲವೆಂದು 2013ರ ವರದಿ ಹೇಳಿತು. ತಾಯಿಯ ಬುದ್ಧಿಮತ್ತೆ, ವಯಸ್ಸು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಉಳಿದ ಅಂತರವಿದು. 2018ರಲ್ಲಿ ಬ್ರಿಟನ್ ಸರಕಾರವು, ಗರ್ಭ ಧರಿಸಬಲ್ಲ ವಯಸ್ಸಿನ ಸ್ತ್ರೀಯರಿಗೆ ವಾಲ್ಪ್ರೊಯೇಟ್ ಕೊಡುವುದಕ್ಕೆ ಕಟ್ಟುನಿಟ್ಟಿನ ನಿಬಂಧನೆ ಹಾಕಿತು.

ಇಷ್ಟು ಓದಿ ಯಾರೂ ಮಾತ್ರೆಯ ಡಬ್ಬಿಯನ್ನು ಹೊರಗೆಸೆಯಬಾರದು. ಮೀಡರ್ ಅವರ ಬರಹಗಳಲ್ಲಿ "ಮಾತ್ರೆ ಬಿಡಿ" ಎಂಬ ಸಲಹೆಯಿಲ್ಲ. ಯಾವ ಮಾತ್ರೆ, ಎಷ್ಟು ಪ್ರಮಾಣ ಎಂಬುದೇ ಅವರ ಪ್ರಶ್ನೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಕೆಲವು ಬಗೆಯ ಮೂರ್ಛೆರೋಗಕ್ಕೆ ವಾಲ್ಪ್ರೊಯೇಟ್‌ನಷ್ಟು ಚೆನ್ನಾಗಿ ಬೇರೊಂದು ಔಷಧ ನಾಟದಿರುವುದೂ ಉಂಟು. ಆಗ ವೈದ್ಯರೇ ತೂಗಿ ನೋಡಿ ಪ್ರಮಾಣ ಇಳಿಸಬೇಕಾಗುತ್ತದೆ. ನಿಮ್ಮ ಮಾತ್ರೆಯ ಹಾಳೆಯ ಮೇಲೆ ಕಂಪೆನಿಯ ಹೆಸರಿನ ಹತ್ತಿರ ಔಷಧದ ನಿಜವಾದ ಹೆಸರಿರುತ್ತದೆ, ಅದನ್ನು ಓದಿ. ಅಲ್ಲಿ ವಾಲ್ಪ್ರೊಯೇಟ್ ಎಂದಿದ್ದರೆ ಮದುವೆಗೆ ಮುಂಚೆಯೇ ವೈದ್ಯರಲ್ಲಿ ಕೇಳಿ.

ಮದುವೆಗೆ ಮುಂಚೆ ಏಕೆ? ಮಗುವಿನ ಮೆದುಳು, ಬೆನ್ನುಹುರಿಯಾಗುವ ನಾಳವು ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ತಿಳಿದಿರುವುದಿಲ್ಲ. ಮುಟ್ಟು ನಿಂತ ಮೇಲೆ ಆಸ್ಪತ್ರೆಗೆ ಓಡಿದರೆ ಆ ದಿನಗಳು ಕಳೆದೇ ಹೋಗಿರುತ್ತವೆ. ಫೋಲಿಕ್ ಆಸಿಡ್ ಮಾತ್ರೆಯ ಕತೆಯೂ ಇದೇ. ಗರ್ಭ ನಿಲ್ಲುವ ಹೊತ್ತಿಗಾಗಲೇ ಅದನ್ನು ಸೇವಿಸುತ್ತಿದ್ದ ತಾಯಂದಿರ ಮಕ್ಕಳ ಐಕ್ಯೂ 2013ರ ವರದಿಯಲ್ಲಿ ಸರಾಸರಿ 108, ಸೇವಿಸದವರದ್ದು 101. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವ ತಂದೆತಾಯಿ ಈ ಲೆಕ್ಕವನ್ನು ನೋಡಬೇಕಿತ್ತು.

ಬಸುರಿನಲ್ಲಿ ಫಿಟ್ಸ್ ಹೆಚ್ಚುತ್ತದೆಯೇ? ವೈದ್ಯೆ ಪೇಜ್ ಪೆನ್ನೆಲ್ ಅವರೊಂದಿಗೆ ಮೀಡರ್ ನಡೆಸಿದ ಎರಡನೆಯ ದೊಡ್ಡ ಅಧ್ಯಯನದ ಫಲಿತಾಂಶ 2020ರಲ್ಲಿ ಹೊರಬಂತು. ಫಿಟ್ಸ್ ಹೆಚ್ಚಾದದ್ದು ಗರ್ಭಿಣಿಯರಲ್ಲಿ ಶೇ. 23, ಗರ್ಭಿಣಿಯರಲ್ಲದವರಲ್ಲಿ ಶೇ. 25, ಹೆಚ್ಚುಕಡಿಮೆ ಒಂದೇ. ಆದರೆ ಗರ್ಭಿಣಿಯರಲ್ಲಿ ಶೇ. 74 ಮಂದಿಯ ಮಾತ್ರೆಯ ಪ್ರಮಾಣವನ್ನು ಬದಲಿಸಬೇಕಾಗಿ ಬಂದಿತ್ತು. ಬಸುರಿನಲ್ಲಿ ಲ್ಯಾಮೊಟ್ರಿಜಿನ್‌ನಂತಹ ಔಷಧವನ್ನು ದೇಹ ಬೇಗನೆ ಹೊರಹಾಕುತ್ತದೆ, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಹಾಗಾಗಿ ಹಳೆಯ ಚೀಟಿ ಹಿಡಿದು ಒಂಬತ್ತು ತಿಂಗಳೂ ಅದೇ ಮಾತ್ರೆ ತರಿಸುವುದು ಸರಿಯಲ್ಲ.

ನಮ್ಮ ನೆರೆಯ ತಿರುವನಂತಪುರದ ಶ್ರೀ ಚಿತ್ರ ಸಂಸ್ಥೆಯಲ್ಲಿ ಡಾ. ಸಂಜೀವ್ ಥಾಮಸ್ 1998ರಲ್ಲಿ ಇಂತಹ ತಾಯಂದಿರ ದಾಖಲೆಯನ್ನು ಆರಂಭಿಸಿದರು ಎಂಬುದು ಹೆಮ್ಮೆಯ ಸಂಗತಿ.

ರಮಝಾನಿನ ಬಗ್ಗೆಯೂ ಒಂದು ಮಾತು. ತಪ್ಪಿದ ಮಾತ್ರೆ, ಸಹರಿಗಾಗಿ ಅರ್ಧಕ್ಕೇ ಮುರಿದ ನಿದ್ದೆ ಎರಡೂ ಫಿಟ್ಸ್ ತರಬಲ್ಲವು. ರೋಗಿಗೆ, ಗರ್ಭಿಣಿಗೆ ಉಪವಾಸದಲ್ಲಿ ರಿಯಾಯಿತಿ ಇದೆಯೆಂಬುದು ಮದ್ರಸದ ಮಕ್ಕಳಿಗೂ ಗೊತ್ತು.

ಹೆರಿಗೆಯಾದ ಮೇಲೆ ಮತ್ತೊಂದು ತಡೆ ಎದುರಾಗುತ್ತದೆ: "ಮಾತ್ರೆ ತಿನ್ನುವವಳು ಹಾಲು ಕೊಡಬಾರದು." 2014ರಲ್ಲಿ ಮೀಡರ್ ತಂಡ ಇದನ್ನೂ ಪರೀಕ್ಷಿಸಿತು. ಮಾತ್ರೆ ಸೇವಿಸುತ್ತಲೇ ಎದೆಹಾಲು ಕೊಟ್ಟ ತಾಯಂದಿರ ಮಕ್ಕಳಿಗೆ ಕೇಡೇನೂ ಕಾಣಲಿಲ್ಲ. ಆರನೆಯ ವಯಸ್ಸಿನಲ್ಲಿ ಅವರ ಐಕ್ಯೂ 4 ಅಂಕ ಹೆಚ್ಚೇ ಇತ್ತು. ಹಾಲೂಡಿಸುವಾಗ ಮಂಚದ ಬದಲು ನೆಲದ ಮೇಲೆ ಚಾಪೆ ಹಾಸಿ ಗೋಡೆಗೆ ಒರಗಿ ಕೂತುಕೊಳ್ಳಲಿ, ಮಗುವಿನ ಸ್ನಾನಕ್ಕೆ ಅತ್ತೆಯೋ ನಾದಿನಿಯೋ ಜೊತೆಗಿರಲಿ. ರಾತ್ರಿ ಮಗು ಎದ್ದಾಗಲೊಮ್ಮೆ ಬೇರೆ ಯಾರಾದರೂ ಎತ್ತಿಕೊಂಡರೆ ತಾಯಿಗೆ ನಿದ್ದೆಯೂ ಸಿಗುತ್ತದೆ.