ಹಿಡಿಯುವುದೋ, ಕಾಯುವುದೋ?

ನಮ್ಮ ಸೀಮೆಯಲ್ಲಿ ಹುಚ್ಚಪ್ಪ, ಹುಚ್ಚಮ್ಮ, ಹುಚ್ಚಯ್ಯ ಎಂಬ ಹೆಸರುಗಳು ಇಂದಿಗೂ ಉಂಟು. ಹೆತ್ತವರು ಹರಕೆ ಹೊತ್ತು, ಪ್ರೀತಿಯಿಂದ ಇಟ್ಟ ಹೆಸರುಗಳವು. ಮರುಳಸಿದ್ಧನೆಂದು ಗುರುವಿನ ಹೆಸರನ್ನು ಮಗನಿಗೆ ಇಡುವವರೂ ಇದ್ದಾರೆ. ಮರುಳು, ಹುಚ್ಚು ಎಂಬ ಮಾತುಗಳಲ್ಲಿ ನಮ್ಮ ಹಿರಿಯರಿಗೆ ಅವಮಾನ ಕಾಣಲಿಲ್ಲ. ಆದರೆ ಅದೇ ಮಾತು ಪೋಲೀಸ್ ಠಾಣೆಯ ಫೋನಿನಲ್ಲಿ ಕೇಳಿಬಂದಾಗ ಅದರ ಅರ್ಥವೇ ಬೇರೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ನಾನು, ಒಂದು ಶಬ್ದಕ್ಕೆ ಇಷ್ಟು ತೂಕ ಇರಬಲ್ಲುದೆಂದು ತಿಳಿದದ್ದು ತರಗತಿಯಲ್ಲಲ್ಲ, ಪೋತ್ನಾಳದ ಒಂದು ಓಣಿಯಲ್ಲಿ.

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಮೇಲಿರುವ ಊರು ಪೋತ್ನಾಳ. ಸುತ್ತಲೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆಯುವ ಭತ್ತದ ಗದ್ದೆಗಳು. ಕೆಲವು ವರ್ಷಗಳ ಹಿಂದೆ, ಕೊಯ್ಲಿನ ಕಾಲದ ಒಂದು ಸಂಜೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಅಂಗಳದಲ್ಲಿ ಕುಡುಗೋಲು ಹಿಡಿದು ನಿಂತಿದ್ದ. ಓದಿನಲ್ಲಿ ಚುರುಕಾದ ಹುಡುಗ. ನಗರದಲ್ಲಿ ಕಾಲೇಜು ಸೇರಿದ ಮೇಲೆ ಕಾಯಿಲೆ ಕಾಣಿಸಿತು. ಮಾತ್ರೆಯಿಂದ ಗುಣವಾಗಿ ಊರಿಗೆ ಬಂದ. ಗುಣವಾಯಿತಲ್ಲ ಎಂದು ಮಾತ್ರೆ ಬಿಟ್ಟ. ನಾಲ್ಕು ರಾತ್ರಿ ನಿದ್ದೆಯಿಲ್ಲ. ತನ್ನನ್ನು ಕೊಲ್ಲಲು ಜನ ಬರುತ್ತಿದ್ದಾರೆಂದು ಅವನ ಕಿವಿಯಲ್ಲಿ ಯಾರೋ ಹೇಳುತ್ತಿದ್ದರಂತೆ. ಓಣಿಯ ಬಾಯಿಗೆ ಬಂದು ನೋಡಿದರೆ ಜನ ನಿಜವಾಗಿಯೂ ಬಂದಿದ್ದರು, ಬಡಿಗೆ ಹಿಡಿದುಕೊಂಡು!

ಠಾಣೆಗೆ ಫೋನು ಮಾಡಿದವನು ನಾನೇ. "ಹುಡುಗನಿಗೆ ಹುಚ್ಚು ಹಿಡಿದಿದೆ, ಕುಡುಗೋಲು ಬೀಸುತ್ತಿದ್ದಾನೆ, ಯಾರನ್ನಾದರೂ ಕಡಿಯುತ್ತಾನೆ, ಬೇಗ ಬನ್ನಿ" ಎಂದೆ. ಅವನು ಬೀಸಿರಲಿಲ್ಲ, ಹಿಡಿದು ನಿಂತಿದ್ದ, ಅಷ್ಟೆ. ಯಾರ ಮೇಲೂ ಕೈಮಾಡಿರಲಿಲ್ಲ. ಗಾಬರಿಯಲ್ಲಿ ನನ್ನ ಕ್ರಿಯಾಪದಗಳು ಕೆಟ್ಟವು.

ಬಂದವರು ಇಬ್ಬರು. ಒಬ್ಬರು ವಯಸ್ಸಾದ ದಫೇದಾರರು, ಇನ್ನೊಬ್ಬ ಹೊಸದಾಗಿ ಸೇರಿದ ಪೇದೆ. ದಫೇದಾರರು ಹುಡುಗನ ಕಡೆ ಹೋಗಲೇ ಇಲ್ಲ. ಮೊದಲು ಜನರನ್ನು ಓಣಿಯಿಂದ ಹೊರಗೆ ಕಳಿಸಿದರು, ಮೊಬೈಲು ಎತ್ತಿ ಹಿಡಿದವರನ್ನೂ ಸೇರಿಸಿ. ಪೇದೆಗೆ ಲಾಠಿಯನ್ನು ಜೀಪಿನಲ್ಲಿಟ್ಟು ಬಾ ಎಂದರು. ಆಮೇಲೆ ಎದುರು ಮನೆಯ ಕಟ್ಟೆಯ ಮೇಲೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು ಕುಳಿತರು. "ತಮ್ಮಾ, ನಾ ಇಲ್ಲೇ ಕುಂತೀನಿ. ಯಾರೂ ನಿನ್ನ ಹತ್ರ ಬರಂಗಿಲ್ಲ. ನೀರು ಕುಡಿತೀಯೇನು?" ಎಂದರು. ಉತ್ತರವಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಅದನ್ನೇ, ಅದೇ ಧ್ವನಿಯಲ್ಲಿ ಕೇಳಿದರು.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಗುರುವಿನ ಮಾತು ಕೇಳಿಯಾನೆಂದು ಮುಂದೆ ಬಂದು, ತರಗತಿಯಲ್ಲಿ ಗದರಿಸುವ ಗಂಟಲಿನಲ್ಲಿ, "ಏ, ಕೆಳಗಿಡೋ ಅದನ್ನ!" ಎಂದು ಕೂಗಿದೆ. ಅಲ್ಲಿಯವರೆಗೆ ತೊಡೆಯ ಪಕ್ಕದಲ್ಲಿದ್ದ ಕುಡುಗೋಲು ಹೆಗಲಿನ ಮಟ್ಟಕ್ಕೆ ಏರಿತು. ದಫೇದಾರರು ತಲೆ ಹೊರಳಿಸದೆ, "ಸರ, ನೀವು ಸುಮ್ನಿರ್ರಿ" ಎಂದರು. ಒಂದೂಕಾಲು ಗಂಟೆ ಹಿಡಿಯಿತು. ತಾಯಿ ತಂದಿಟ್ಟ ಚೊಂಬಿನ ನೀರನ್ನು ಕುಡಿಯಲು ಅವನು ಕುಡುಗೋಲು ಕೆಳಗಿಟ್ಟ. ಆಮೇಲೆ ಆಂಬುಲೆನ್ಸು, ರಾಯಚೂರಿನ ದಾರಿ.

ಹೋಗುವ ಮುನ್ನ ದಫೇದಾರರು ನನಗೆ ಹೇಳಿದ್ದು ಇಷ್ಟು: "ನೀವು ಫೋನಿನಾಗ ಹೇಳಿದ್ದು ಕೇಳಿ ಸಾಹೇಬ್ರು ಪಿಸ್ತೂಲು ತಗೊಂಡು ಹೊಂಟಿದ್ರು. ನಾನೇ ಮೊದಲ ನೋಡಿ ಬರ್ತೀನಂದೆ. ನಮ್ಮಣ್ಣಗೂ ಹಿಂಗ ಆಗಿತ್ರಿ." ಅವರ ವಿದ್ಯೆ ತರಬೇತಿಯಿಂದ ಬಂದದ್ದಲ್ಲ, ಮನೆಯಿಂದ ಬಂದದ್ದು. ಅಂದು ಅವರಿಗೆ ರಜೆಯಿದ್ದಿದ್ದರೆ ಏನಾಗುತ್ತಿತ್ತೆಂದು ನಾನು ಹಲವು ರಾತ್ರಿ ಯೋಚಿಸಿದ್ದೇನೆ.

ಇಂಥ ಸಂದರ್ಭದಲ್ಲಿ ಪೋಲೀಸರಿಗೆ ಕಾಯಿದೆ ಏನು ಹೇಳುತ್ತದೆ ಎಂಬುದನ್ನು ಆಮೇಲೆ ತರಿಸಿ ಓದಿದೆ. ಬ್ರಿಟಿಷರ 1912ರ ಕಾಯಿದೆ, ಅದನ್ನು ತೆಗೆದು ಬಂದ 1987ರ ಕಾಯಿದೆ, ಇವೆರಡೂ ಈಗಿಲ್ಲ. ಈಗಿರುವುದು 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ. ಅದರ 100ನೆಯ ಕಲಮು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು. ಮನೋರೋಗದಿಂದ ತನಗೋ ಇತರರಿಗೋ ಅಪಾಯವಾಗುವ ಸ್ಥಿತಿಯಲ್ಲಿದ್ದಾನೆಂದು ನಂಬಲು ಕಾರಣವಿರುವ ವ್ಯಕ್ತಿಯನ್ನು ಠಾಣಾಧಿಕಾರಿಯು ತನ್ನ "ರಕ್ಷಣೆಗೆ" ತೆಗೆದುಕೊಳ್ಳಬೇಕು. ದಸ್ತಗಿರಿ ಎಂಬ ಮಾತು ಅಲ್ಲಿಲ್ಲ. ಏಕೆ ಕರೆದೊಯ್ಯುತ್ತಿದ್ದೇವೆಂದು ಅವನಿಗೆ ತಿಳಿಸಬೇಕು. ಅವನಿಗೆ ಗ್ರಹಿಸಲು ಆಗದಿದ್ದರೆ ಅವನ ಕಡೆಯವರಿಗೆ ತಿಳಿಸಬೇಕು. ಆದಷ್ಟು ಬೇಗನೆ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಒಪ್ಪಿಸಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇರಿಸಕೂಡದು. ಮನೆಮಠವಿಲ್ಲದೆ ಅಲೆಯುವವನಾದರೆ, ಕಾಣೆಯಾದವರ ಪ್ರಕರಣ ದಾಖಲಿಸಿ ಅವನ ಮನೆಯವರನ್ನು ಹುಡುಕುವ ಹೊಣೆಯೂ ಠಾಣಾಧಿಕಾರಿಯದೇ.

ಪೋಲೀಸರಿಗೆ ನಾವು ಕನ್ನಡದಲ್ಲಿ ಇಟ್ಟ ಹೆಸರು ಆರಕ್ಷಕ, ಕಾಯುವವನು ಎಂದು. ಠಾಣೆಯ ಫಲಕದ ಮೇಲೆ ಅದನ್ನು ಬರೆದೂ ಇದ್ದೇವೆ. ನಾವು ಫೋನು ಮಾಡುವುದು ಮಾತ್ರ "ಹಿಡಿಯಲು ಬನ್ನಿ" ಎಂದು.

ಬಲಪ್ರಯೋಗದ ಮಾತು ಇನ್ನೂ ಸೂಕ್ಷ್ಮವಾದದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮಿನ ಪ್ರಕಾರ, ದಸ್ತಗಿರಿಯನ್ನು ವಿರೋಧಿಸುವವನ ಮೇಲೆ ಅಗತ್ಯವಾದ ಬಲವನ್ನು ಬಳಸಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವ ಅಪರಾಧದ ಆರೋಪ ಇಲ್ಲದವನನ್ನು ಕೊಲ್ಲುವ ಹಕ್ಕು ಅದರಿಂದ ಬರುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು, ತಾನು ಮಾಡುತ್ತಿರುವುದೇನೆಂದು ತಿಳಿಯದಷ್ಟು ಚಿತ್ತ ಕೆಟ್ಟವನ ಕೃತ್ಯವು ಅಪರಾಧವೇ ಅಲ್ಲ ಎನ್ನುತ್ತದೆ. ಹಾಗಾದರೆ ಅಂಥವನು ಕಡಿಯಲು ಬಂದರೆ ಸುಮ್ಮನೆ ಕೊರಳೊಡ್ಡಬೇಕೇ ಎಂದು ತಾವು ಕೇಳಬಹುದು. ಹಾಗಲ್ಲ. ಅದೇ ಸಂಹಿತೆಯ 36ನೆಯ ಕಲಮು ಅಂಥವನಿಂದಲೂ ಆತ್ಮರಕ್ಷಣೆ ಮಾಡಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಪೋಲೀಸಿನವನಿಗೂ ಮನೆ ಮಕ್ಕಳುಂಟು. ಆದರೆ 37ನೆಯ ಕಲಮು ಕೂಡಲೇ ಕಡಿವಾಣ ಹಾಕುತ್ತದೆ: ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು. ಹಾಗೂ ಒಬ್ಬ ಸತ್ತರೆ, ಸುಪ್ರೀಂ ಕೋರ್ಟು ಪಿ.ಯು.ಸಿ.ಎಲ್. ಪ್ರಕರಣದಲ್ಲಿ 2014ರಲ್ಲಿ ಕೊಟ್ಟ ತೀರ್ಪಿನಂತೆ, ಎಫ್.ಐ.ಆರ್. ಆಗಬೇಕು, ಸಿ.ಐ.ಡಿ.ಯವರೋ ಬೇರೆ ಠಾಣೆಯವರೋ ಸ್ವತಂತ್ರವಾಗಿ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆಯೂ ನಡೆಯಬೇಕು. ಇವೆಲ್ಲ ಜೀವ ಹೋದ ಮೇಲಿನ ಮಾತು.

ಗುಂಡು ಹಾರುವುದು ಕ್ಷಣದಲ್ಲಿ. 2023ರ ಫೆಬ್ರವರಿಯಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಚಾಕು ಹಿಡಿದು ಜನರನ್ನು ಬೆದರಿಸುತ್ತಿದ್ದ ಯುವಕನೊಬ್ಬನ ಮೇಲೆ ಪೋಲೀಸರು ಗುಂಡು ಹಾರಿಸಿದರು. ಆ ದೃಶ್ಯ ನಮ್ಮ ಜಿಲ್ಲೆಯ ಚಹದಂಗಡಿಗಳಲ್ಲಿಯೂ ಕೈಯಿಂದ ಕೈಗೆ ಹೋಯಿತು. ಅವನು ಮದ್ದುಂಡವನೋ, ರೋಗಿಯೋ, ಬರಿಯ ಪುಂಡನೋ ಎಂದು ತೂಗಿ ನೋಡುವ ಬಿಡುವು ಆ ಬೀದಿಯಲ್ಲಿ ನಿಂತ ಯಾವ ಅಧಿಕಾರಿಗೂ ಇರುವಂತಿರಲಿಲ್ಲ. "ಕಾಲಿಗೆ ಹೊಡೆದರೆ ಸಾಕಲ್ಲ" ಎಂದು ಅಂಗಡಿಯಲ್ಲಿ ಯಾರೋ ಅಂದರು. ಹಲವರ ನಂಬಿಕೆ ಇದು. ಆದರೆ ತೊಡೆಯಲ್ಲಿ ದೊಡ್ಡ ರಕ್ತನಾಳವೊಂದು ಹರಿಯುತ್ತದೆ. ಅದು ಹರಿದರೆ ಆಸ್ಪತ್ರೆ ಮುಟ್ಟುವ ಮೊದಲೇ ಮನುಷ್ಯ ಬರಿದಾಗುತ್ತಾನೆ. ಓಡಾಡುವವನ ಕಾಲಿಗೆ ಗುರಿಯಿಡುವುದೂ ಸಿನಿಮಾದಲ್ಲಿ ಕಂಡಷ್ಟು ಸುಲಭವಲ್ಲ. ಆದುದರಿಂದ ಉಳಿಸುವುದೇನಿದ್ದರೂ ಬಂದೂಕು ಹೊರಬರುವುದಕ್ಕೆ ಮುಂಚೆ ಉಳಿಸಬೇಕು.

ಹಣವಿರುವ ದೇಶಗಳಲ್ಲಿಯೂ ಇದು ಬಗೆಹರಿದಿಲ್ಲ. 2024ರ ಮಾರ್ಚಿಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಬಾಂಗ್ಲಾದೇಶ ಮೂಲದ 19 ವರ್ಷದ ವಿನ್ ರೊಸಾರಿಯೊ, ಮನಸ್ಸು ಕೆಟ್ಟಾಗ ತಾನೇ ತುರ್ತು ಸಂಖ್ಯೆಗೆ ಕರೆ ಮಾಡಿದ. ಬಂದ ಪೋಲೀಸರು, ಅವನು ಕತ್ತರಿ ಎತ್ತಿಕೊಂಡದ್ದನ್ನು ಕಂಡು, ಮನೆ ಹೊಕ್ಕ ಕೆಲವೇ ನಿಮಿಷಗಳಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅವನನ್ನು ತಬ್ಬಿ ಹಿಡಿಯಲು ತಾಯಿ ಹೆಣಗುತ್ತಿದ್ದಳು. ಅಮೆರಿಕೆಯಲ್ಲೇ ಮೆಂಫಿಸ್ ನಗರದಲ್ಲಿ 1987ರಲ್ಲಿ ಇಂಥದೇ ಒಂದು ಸಾವಾಗಿತ್ತು. ಊರು ಕೆರಳಿ, ಮರುವರ್ಷವೇ ಪೋಲೀಸರು, ವೈದ್ಯರು, ರೋಗಿಗಳ ಮನೆಯವರು ಒಟ್ಟುಗೂಡಿ ಹೊಸ ಪದ್ಧತಿ ಕಟ್ಟಿದರು. ತಾವಾಗಿ ಮುಂದೆ ಬಂದ ಪೋಲೀಸರಿಗೆ 40 ಗಂಟೆಗಳ ತರಬೇತಿ. ಇಂಥ ಕರೆ ಬಂದರೆ ಅವರನ್ನೇ ಕಳಿಸುವುದು. ಕಲಿಸುವುದೇನು? ದೂರ ಕಾಯ್ದುಕೊಳ್ಳುವುದು, ಗುಂಪು ಚದರಿಸುವುದು, ಒಬ್ಬರೇ ಮಾತಾಡುವುದು, ಮೆಲ್ಲಗೆ ಮಾತಾಡುವುದು, ಹೊತ್ತು ಕಳೆಯಲು ಬಿಡುವುದು. ಕಿವಿಯೊಳಗೆ ನಾಲ್ಕು ಧ್ವನಿ ಕೇಳುತ್ತಿರುವವನಿಗೆ ಹೊರಗಿನ ನಾಲ್ಕು ಧ್ವನಿಗಳ ಆಜ್ಞೆ ಅರ್ಥವಾಗುವುದಿಲ್ಲ. ಅವನು ಎದುರು ಬೀಳುತ್ತಿದ್ದಾನೆಂದು ನಾವು ತಿಳಿಯುತ್ತೇವೆ. ನಮ್ಮ ದಫೇದಾರರು ಮೆಂಫಿಸಿನ ಹೆಸರನ್ನೂ ಕೇಳಿರಲಿಕ್ಕಿಲ್ಲ. ಪಠ್ಯಕ್ರಮವನ್ನೆಲ್ಲ ಕಟ್ಟೆಯ ಮೇಲೆ ಕುಳಿತೇ ಮುಗಿಸಿದ್ದರು.

ಇನ್ನೊಂದು ಮಾತು, ನಮ್ಮ ಸೀಮೆಯವರು ಹೆಮ್ಮೆಪಡಬಹುದಾದದ್ದು. ಹುಚ್ಚಿಗೆ ಆಸ್ಪತ್ರೆಯೆಂದರೆ ಬೆಂಗಳೂರು ಇಲ್ಲವೆ ಧಾರವಾಡ ಎಂದು ಜನ ತಿಳಿದಿದ್ದ ಕಾಲದಲ್ಲಿ, ತುಂಗಭದ್ರೆಯ ಆಚೆ ದಡದ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದ ನಡುವಿನಿಂದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸಿ ಔಷಧ ಕೊಡುವುದನ್ನು ಕಲಿಸಿದರು. ಅದೇ ಮಾದರಿಯಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಇದಕ್ಕೂ ಬಂದೂಕಿಗೂ ಏನು ಸಂಬಂಧವೆಂದರೆ, ನನ್ನ ವಿದ್ಯಾರ್ಥಿಯ ಅಂಗಳದ ಸಂಜೆ ಮೊದಲಾದದ್ದು ಅವನು ಮಾತ್ರೆ ಬಿಟ್ಟ ದಿನ. ಅಂದು ಊರಿನಲ್ಲೇ ಯಾರಾದರೂ "ಏಕೆ ಬಿಟ್ಟೆ?" ಎಂದು ಕೇಳಿದ್ದರೆ ಜೀಪು ಬರಬೇಕಾಗಿರಲಿಲ್ಲ. ಬಹುಪಾಲು ಮನೋರೋಗಿಗಳು ಯಾರ ಮೇಲೂ ಕೈಯೆತ್ತುವವರಲ್ಲ. ಏಟು ತಿನ್ನುವವರೇ ಹೆಚ್ಚು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಹಾಗಿದ್ದರೂ ಒಂದು ದಿನ ತಾವು ಫೋನು ಎತ್ತಬೇಕಾಗಿ ಬರಬಹುದು. ಆಯುಧ ಇಲ್ಲದಿದ್ದರೆ, ಹೊತ್ತು ಇನ್ನೂ ಕೈಮೀರದಿದ್ದರೆ, 14416 ಎಂಬ ಟೆಲಿ ಮಾನಸ್ ಸಂಖ್ಯೆ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದದ್ದು, ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಆಂಬುಲೆನ್ಸಿಗೆ 108. ಪೋಲೀಸರು ಬೇಕೇಬೇಕಾದರೆ 112. ಆಗ ಮೊದಲ ವಾಕ್ಯದಲ್ಲಿಯೇ "ಇವನು ರೋಗಿ, ಚಿಕಿತ್ಸೆಯಲ್ಲಿದ್ದಾನೆ, ಹೆದರಿದ್ದಾನೆ" ಎಂಬುದು ಬರಲಿ. ಆಯುಧವಿದ್ದರೆ ಇದೆ ಎನ್ನಿ, ಮುಚ್ಚಿಡಬೇಡಿ. ಬರುವವರ ಪ್ರಾಣವೂ ಪ್ರಾಣವೇ. ಆದರೆ ಹಿಡಿದಿದ್ದರೆ ಹಿಡಿದಿದ್ದಾನೆ ಎನ್ನಿ, ಬೀಸುತ್ತಿದ್ದಾನೆ ಎನ್ನಬೇಡಿ. ಯಾರನ್ನಾದರೂ ಗಾಯಗೊಳಿಸಿದ್ದಾನೆಯೇ, ಮನೆಯಲ್ಲಿ ಮಕ್ಕಳಿದ್ದಾರೆಯೇ, ಯಾರ ಮಾತಿಗೆ ಸೋಲುತ್ತಾನೆ, ಯಾವ ಭಾಷೆ ತಿಳಿಯುತ್ತದೆ ಇವನ್ನೂ ಹೇಳಿ. ನಮ್ಮ ಕಡೆಯ ಕ್ಯಾಂಪುಗಳಲ್ಲಿ ತೆಲುಗು ಮಾತ್ರ ಬಲ್ಲ ಮುದುಕರಿದ್ದಾರೆ. ಉರ್ದುವಿನಲ್ಲಿ ಮಾತ್ರ ಸಮಾಧಾನಗೊಳ್ಳುವವರಿದ್ದಾರೆ. ಪೋಲೀಸರು ಬಂದ ಮೇಲೆ ಹಿಂದೆ ಸರಿದು ನಿಲ್ಲಿ, ನನ್ನಂತೆ ಗಂಟಲು ಏರಿಸಬೇಡಿ.

ಆ ಹುಡುಗ ಈಗ ಭತ್ತದ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ತಿಂಗಳಿಗೊಮ್ಮೆ ರಾಯಚೂರಿಗೆ ಹೋಗಿ ಮಾತ್ರೆ ತರುತ್ತಾನೆ. ಕಳೆದ ದೀಪಾವಳಿಗೆ ಅವರ ಮನೆಗೆ ಹೋಗಿದ್ದೆ. ಬಾಗಿಲ ಪಕ್ಕದ ಕ್ಯಾಲೆಂಡರಿನ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿತ್ತು. ವೈದ್ಯರ ಚೀಟಿ, ಮಾತ್ರೆಯ ಹೆಸರು, ಆಸ್ಪತ್ರೆಯ ಫೋನು ನಂಬರು. ದಫೇದಾರರು ಅಂದು ಇಡಲು ಹೇಳಿದ್ದರಂತೆ. ಚೀಟಿಯ ಹಿಂದೆ ಹುಡುಗ ತನ್ನ ಕೈಬರಹದಲ್ಲಿ ಎರಡು ಸಾಲು ಸೇರಿಸಿದ್ದ: "ಮೆಲ್ಲಗೆ ಮಾತಾಡಿಸಿರಿ. ಅವ್ವನ್ನ ಕರೀರಿ."